ದಡ ಸೇರಿದ ಚಾಪೆಲ್

ಕಾರವಾರದ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ, ಐಎನ್‌ಎಸ್ ಚಾಪೆಲ್ ಕೂತಿದೆ. 1976ರಲ್ಲಿ ನೌಕಾಪಡೆ ಸೇರಿದ ಸೋವಿಯತ್ ನಿರ್ಮಿತ ಕ್ಷಿಪಣಿ ದೋಣಿಯಿದು. 2005ರಲ್ಲಿ ಸೇವೆ ಮುಗಿಸಿ, 2006ರ ನವೆಂಬರಿನಿಂದ ಮ್ಯೂಸಿಯಂ ಆಗಿದೆ. ಚಾಪೆಲ್ 1971ರ ಯುದ್ಧದಲ್ಲಿ ಕರಾಚಿ ಮೇಲಿನ ದಾಳಿಗೆ ಹೋಗಿತ್ತೆಂದು ನಂಬಿದವರಿದ್ದಾರೆ. ಹೋದದ್ದು ಇದರ ಅಣ್ಣಂದಿರು: ನಿಪಾತ್, ನಿರ್ಘಾತ್, ವೀರ್. ಇದು ಬಂದದ್ದು ಯುದ್ಧ ಮುಗಿದು ಐದು ವರ್ಷಕ್ಕೆ.

ಚಾಪೆಲ್ ಬಗ್ಗೆ ನನಗೆ ಆಸೆ ಹುಟ್ಟಿಸಿದವರು ಅಮಾಸೆಬೈಲು ಕಡೆಯ ಒಬ್ಬ ಹಿರಿಯರು. ಘಟ್ಟದ ಬುಡದ ಊರು, ಕಡಲು ಕಾಣಬೇಕಾದರೆ ಹಾಲಾಡಿ ದಾಟಿ ಕುಂದಾಪುರಕ್ಕೇ ಇಳಿಯಬೇಕು. ಅಂಥಲ್ಲಿಂದ ಹೋಗಿ ಇಂಥವೇ ದೋಣಿಗಳ ಎಂಜಿನ್ ರೂಮಿನಲ್ಲಿ ದುಡಿದವರು. ಈಗ ಅಡಿಕೆ ತೋಟ. ಮಾತು ಮಾತ್ರ ಇಂದಿಗೂ ಜೋರು, ಮೂರು ಡೀಸೆಲ್ ಎಂಜಿನ್‌ಗಳ ಗದ್ದಲದ ಮೇಲೆ ಕೂಗಿ ಕೂಗಿ ಬಂದ ಅಭ್ಯಾಸ. ಮೂವತ್ತೆಂಟು ಮೀಟರ್ ಉದ್ದದ ಪುಟ್ಟ ಒಡಲಿಗೆ ಸುಮಾರು 15,000 ಅಶ್ವಶಕ್ತಿ! ಮೇಲೆ ನಾಲ್ಕು ಕ್ಷಿಪಣಿ ಪೆಟ್ಟಿಗೆ, ಮುಂದೊಂದು ಹಿಂದೊಂದು ಜೋಡಿ ನಳಿಕೆಯ ಫಿರಂಗಿ, ಒಳಗೆ ಮೂವತ್ತರಷ್ಟು ಜನ. ಈಗ ಅವರ ಜಾಗದಲ್ಲಿ ಗೊಂಬೆಗಳಿವೆ.

ಹಿರಿಯರು ಯುದ್ಧದ ಕಥೆ ಹೇಳಲೊಲ್ಲರು, ತುಕ್ಕಿನ ಕಥೆ ಕೇಳಿದರೆ ನಿಲ್ಲಿಸರು. ಉಪ್ಪುಗಾಳಿ ಉಕ್ಕನ್ನು ಹೊರಗಿನಿಂದಷ್ಟೇ ತಿನ್ನುವುದಿಲ್ಲ. ಬಣ್ಣದಡಿ ಒಂದು ಗುಳ್ಳೆ ಎದ್ದರೆ ಅದರ ಕೆಳಗೆ ಕೆಲಸ ಶುರುವಾಗಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು, ಸಡಿಲವಾದ್ದನ್ನು ಹೆರೆದು ಹೊಳೆಯುವ ಲೋಹ ಕಾಣಿಸಬೇಕು, ಆಮೇಲೆ ತಳಬಣ್ಣ, ಅದರ ಮೇಲೆ ಬೂದು. ಈ ಬಗೆಯ ದೋಣಿಯ ಒಡಲು ಉಕ್ಕಿನದು, ಮೇಲ್ಕಟ್ಟು ಅಲ್ಯುಮಿನಿಯಂ ಮಿಶ್ರಲೋಹದ್ದು. ಎರಡೂ ಕೂಡುವ ಕಡೆ ಉಪ್ಪುನೀರು ನಿಂತರೆ ಸವಕಳಿ ಬೇಗ. “ನೀರಲ್ ಇಪ್ಪೊತ್ತಿಗೆ ದಿನಾ ಹೆರೂಕೆ ನಾವ್ ಇದ್ದಿತ್. ದಡಕ್ಕೆ ಬಂದ್ ಮೇಲೆ ಯಾರ್ ಹೆರೂದ್ ಮರಾಯ್ರೆ? ಮನ್ಷರಿಗಾದ್ರೆ ಪೆನ್ಶನ್ ಇತ್ತ್!”

ಹಡಗಿಗೆ ನಿವೃತ್ತಿಯ ನಂತರ ದಾರಿಗಳು ಹಲವು, ಹೆಚ್ಚಿನವು ಗುಜರಿಗೆ. ಸ್ನೇಹಿತ ದೇಶಕ್ಕೆ ಕೊಡಬಹುದು: 2023ರಲ್ಲಿ ಐಎನ್‌ಎಸ್ ಕಿರ್ಪಾನ್ ವಿಯೆಟ್ನಾಮಿಗೆ ಹೋಯಿತು. ಗುರಿಯಾಗಿ ನಿಲ್ಲಿಸಿ ಹೊಡೆದು ಮುಳುಗಿಸಬಹುದು. ಮೀನುಗಳಿಗೆ ಆಸರೆಯಾಗಿ ಮುಳುಗಿಸಬಹುದು; ಸಿಂಧುದುರ್ಗದ ಬಳಿ ಐಎನ್‌ಎಸ್ ಗುಲ್ದಾರ್‌ಗೆ ಅದೇ ಯೋಜನೆ ಹಾಕಿದರು. ಮ್ಯೂಸಿಯಂ ಆಗಿ ಉಳಿಯುವುದು ದೊಡ್ಡವರಿಗೇ ಕಷ್ಟ. ವಿಮಾನವಾಹಕ ನೌಕೆ ಹಳೆಯ ವಿಕ್ರಾಂತ್ ಮುಂಬೈಯಲ್ಲಿ ಮ್ಯೂಸಿಯಂ ಆಗಿ ಕೆಲವು ವರ್ಷ ನಡೆದು, 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಬಾಗಿಲು ಹಾಕಿ, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಯಾಯಿತು. ಅದರ ಲೋಹ ಸೇರಿಸಿ ಬಜಾಜ್ ಬೈಕ್ ಮಾಡಿದ್ದು ಎಷ್ಟೋ ಜನರಿಗೆ ನೆನಪಿರಬಹುದು. ಇನ್ನೊಂದು ವಿಮಾನವಾಹಕ ವಿರಾಟ್ 2020ರಲ್ಲಿ ಒಡೆಸಿಕೊಳ್ಳಲು ಅಲಂಗ್‌ಗೆ ಹೋಯಿತು.

ನನಗೆ ಇವೆರಡಕ್ಕಿಂತ ಹೊಟ್ಟೆ ಉರಿಯುವುದು ಐಎನ್‌ಎಸ್ ಮೈಸೂರು ನೆನೆದಾಗ. ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾವನ್ನು ಕೊಂಡು 1957ರಲ್ಲಿ ಈ ಹೆಸರಿಟ್ಟರು. 1971ರಲ್ಲಿ ಪಶ್ಚಿಮ ನೌಕಾದಳದ ನಾಯಕನೌಕೆ ಅದೇ. 1985ರಲ್ಲಿ ನಿವೃತ್ತಿ, ಬಳಿಕ ಒಡೆತ. ನಮ್ಮ ಹೆಸರು ಹೊತ್ತ ಅದು ನಮ್ಮ ಯಾವ ದಡದಲ್ಲೂ ಇಲ್ಲ. ಚಾಪೆಲ್ ಉಳಿದದ್ದು ಗಾತ್ರ ಸಣ್ಣದೆಂಬ ಕಾರಣಕ್ಕೆಂದೇ ನನ್ನ ಎಣಿಕೆ. ಇನ್ನೂರ ಐವತ್ತು ಟನ್ನಿನೊಳಗಿನದನ್ನು ದಡಕ್ಕೆಳೆದು ಕೂರಿಸಬಹುದು. ಮೈಸೂರಿನಂಥ ಕ್ರೂಸರನ್ನು ಕೂರಿಸಲು ಎಲ್ಲಿ ಜಾಗ?

ಚಾಪೆಲ್‌ಗೆ ಈಗ ಜೊತೆಯೊಂದು ಸಿಕ್ಕಿದೆ. 2017ರಲ್ಲಿ ನಿವೃತ್ತವಾದ ಟುಪೊಲೆವ್ ಕಣ್ಗಾವಲು ವಿಮಾನದ ಭಾಗಗಳು 2023ರಲ್ಲಿ ತಮಿಳುನಾಡಿನ ಅರಕ್ಕೋಣಂನಿಂದ ಲಾರಿಗಳಲ್ಲಿ ಬಂದವು. ಜೋಡಿಸಿ ಪಕ್ಕದಲ್ಲೇ ನಿಲ್ಲಿಸಿದ್ದಾರೆ, ಮಕ್ಕಳ ಓಟ ಮೊದಲು ಅದರ ಕಡೆಗೇ.

ಇತ್ತೀಚೆಗೂ ಕ್ಷಿಪಣಿ ದೋಣಿಗಳು ನಿವೃತ್ತವಾಗುತ್ತಿವೆ: 2018ರಲ್ಲಿ ನಿರ್ಭೀಕ್ ಮತ್ತು ಎರಡನೆಯ ನಿರ್ಘಾತ್, 2022ರಲ್ಲಿ ನಿಶಂಕ್. ಅಂಥದ್ದೊಂದು ನಮ್ಮ ಗಂಗೊಳ್ಳಿಗೋ ಮಲ್ಪೆಗೋ ಬಂದರೆ ಹೇಗೆ ಎಂದು ಹಿರಿಯರನ್ನು ಕೇಳಿದೆ. ಕೊಂಚ ಯೋಚಿಸಿದರು. “ಬಂದ್ರೆ ಕಾಂಬುಕೆ ನಾನೂ ಬತ್ತೆ. ಆದ್ರೆ ವರ್ಷ ವರ್ಷ ಬಣ್ಣಕ್ಕೆ ದುಡ್ಡ್ ಯಾರ್ ಕೊಡ್ತ್ರ್, ಅದ್ ಮೊದ್ಲ್ ಕೇಣಿ.”