ಕಿಕ್ಕರ್ ವಾಪಸ್ ಒದ್ದಾಗ

ಮಂಚೇನಹಳ್ಳಿಯಲ್ಲಿ ನಮ್ಮ ಮಾವನ ಹಳೇ ಯೆಜ್ಡಿ ಇದೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, 250 ಸಿಸಿ ಟೂ-ಸ್ಟ್ರೋಕ್. ರಜೆಯಲ್ಲಿ ಅದರ ಪಾಯಿಂಟ್ ಸೆಟ್ ನಾನೇ ಬದಲಾಯಿಸಿದೆ. ಮಾವ ಕಿಕ್ ಹೊಡೆದ್ರು, ಕಿಕ್ಕರ್ ವಾಪಸ್ ಬಂದು ಕಾಲಿಗೆ ಬಡೀತು. ಎರಡು ದಿನ ಕುಂಟಿದ್ರು. ಬೈಯಲಿಲ್ಲ, ಅದೇ ಕಷ್ಟ ಆಯ್ತು.

ನಾನು ಗ್ಯಾಪ್ ಜಾಸ್ತಿ ಇಟ್ಟಿದ್ದೆ. ಪಾಯಿಂಟ್ ತೆರೆದ ಕ್ಷಣವೇ ಕಿಡಿ ಹಾರೋದು; ಗ್ಯಾಪ್ ಹೆಚ್ಚಾದ್ರೆ ಅದು ಬೇಗ ತೆರೆಯುತ್ತೆ, ಟೈಮಿಂಗ್ ಅಡ್ವಾನ್ಸ್ ಆಗುತ್ತೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 18,000 ಡಿಗ್ರಿ ತಿರುಗುತ್ತೆ, ಮಿಶ್ರಣ ಉರಿಯೋಕೆ ಸಮಯ ಸಿಗಲಿ ಅಂತ ಕಿಡಿಯನ್ನು ಸ್ವಲ್ಪ ಮುಂಚೆ ಕೊಡ್ತಾರೆ. ಆದರೆ ಕಿಕ್ ಹೊಡೆಯುವಾಗ ಕ್ರ್ಯಾಂಕ್ ನಿಧಾನ. ಕಿಡಿ ತೀರಾ ಬೇಗ ಬಂದ್ರೆ ಮೇಲೇರುತ್ತಿರುವ ಪಿಸ್ಟನ್ನನ್ನೇ ಒತ್ತಡ ಕೆಳಕ್ಕೆ ತಳ್ಳುತ್ತೆ.

ಅದಕ್ಕೇ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್‌ನಲ್ಲಿ ಸುಮಾರು 0.4 ಮಿ.ಮೀ. ಇರಲಿ. ನಂತರ ಪ್ಲಗ್ ಬಿಚ್ಚಿ, ಡಯಲ್ ಗೇಜ್ ಇಳಿಸಿ ಟಿಡಿಸಿ ಹುಡುಕಿ. ಮ್ಯಾನ್ಯುಯಲ್ ಹೇಳಿದಷ್ಟು ಮಿ.ಮೀ. ಹಿಂದಕ್ಕೆ ತನ್ನಿ. ಪಾಯಿಂಟ್ ವೈರಿಗೂ ಎಂಜಿನ್ ಬಾಡಿಗೂ ನಡುವೆ 6 ವೋಲ್ಟ್ ಬಲ್ಬ್ ಕಟ್ಟಿ, ಕೀ ಆನ್ ಮಾಡಿ. ಪಾಯಿಂಟ್ ತೆರೆದಾಗ ಬಲ್ಬ್ ಹೊತ್ತುತ್ತೆ. ಸರಿಯಾಗಿ ಅಲ್ಲೇ ಹೊತ್ತುವ ಹಾಗೆ ಪ್ಲೇಟ್ ತಿರುಗಿಸಿ ಬಿಗಿ ಮಾಡಿ.

ಮೊದಲ ಕಿಕ್ ಮಾತ್ರ ಈಗ ಮಾವ ನನಗೇ ಬಿಡ್ತಾರೆ.