ಮತ್ತೊಮ್ಮೆ ಹೈದರಾಬಾದಿನ ರಾತ್ರಿ

ಹೈದರಾಬಾದನ್ನು ಪರನಾಡೆಂದು ಕರೆಯುವದು ಸರಿಯೋ ತಪ್ಪೋ ಎಂಬದನ್ನು ನಾವು ಇಂದಿಗೂ ನಿಶ್ಚಯಿಸಿಲ್ಲ. ಸುರಪುರ, ಶಹಾಪುರ, ಯಾದಗಿರಿ ಈ ಮೂರೂ ತಾಲೂಕುಗಳು 1948ರ ಸಪ್ಟೆಂಬರದ ವರೆಗೆ ನಿಜಾಮರ ರಾಜ್ಯದಲ್ಲಿದ್ದವು. 1956ನೆಯ ನವೆಂಬರ 1ರಂದು ಮೈಸೂರು ರಾಜ್ಯವನ್ನು ಸೇರಿದವು. ನಮ್ಮ ತೀರ್ಥರೂಪರು ಉರ್ದುವಿನಲ್ಲಿಯೇ ಓದಿದವರು. ಮಗ್ಗಿಯನ್ನು ಕಡೆಯ ವರೆಗೂ ಆ ಭಾಷೆಯಲ್ಲಿಯೇ ಹೇಳುತ್ತಿದ್ದರು. ಅವರಿಗೆ ಅದು ರಾಜಧಾನಿ. ನಮಗೆ ನೆರೆಯ ರಾಜ್ಯದ ಪಟ್ಟಣ. ನಮ್ಮ ಮೊಮ್ಮಕ್ಕಳಿಗೆ ಬರಿಯ ವಿಮಾನನಿಲ್ದಾಣ. ದಾರಿಯ ಮೈಲಿಗಳು ಮಾತ್ರ ಅಷ್ಟೇ ಇವೆ.

ಆ ಊರನ್ನು ನಾವು ಮೊದಲು ಕಂಡದ್ದು 1986ನೆಯ ಇಸವಿಯ ಜನವರಿಯಲ್ಲಿ. ಆಗ ನಮಗೆ ಇಪ್ಪತ್ತೊಂದು ವರುಷ. ಮದುವೆಯಾಗಿ ಆರು ತಿಂಗಳು ಕಳೆದಿರಲಿಲ್ಲ. ಕಲಬುರ್ಗಿಯಲ್ಲಿ ಒಂದೇ ಕೋಣೆಯಲ್ಲಿದ್ದು ಓದುತ್ತಿದ್ದ ಇಬ್ಬರು ಗೆಳೆಯರು ಸಂಗಡ ಬಂದಿದ್ದರು. ಅವರಲ್ಲಿ ಒಬ್ಬರು ಈಗ ಯಾದಗಿರಿಯಲ್ಲಿ ಬೇಳೆಕಾಳಿನ ವರ್ತಕರು; ಇನ್ನೊಬ್ಬರು ಶಹಾಪುರದ ನಿವೃತ್ತ ಉರ್ದೂ ಶಿಕ್ಷಕರು. ಇವರನ್ನು ನಾವು ಅಂದಿನಿಂದಲೂ ಮೌಲವಿ ಸಾಹೇಬರೆಂದೇ ಕರೆಯುತ್ತೇವೆ. ನಾಂಪಲ್ಲಿಯ ಬಯಲಿನಲ್ಲಿ ‘ನುಮಾಯಿಶ್’ ಎಂಬ ಮಹಾಪ್ರದರ್ಶನ ನಡೆದಿತ್ತು. ಇದು 1938ರಲ್ಲಿ ಸಾರ್ವಜನಿಕ ಉದ್ಯಾನದಲ್ಲಿ ಆರಂಭವಾಗಿ 1946ರಲ್ಲಿ ಈ ಬಯಲಿಗೆ ಬಂದದ್ದು. ಕಾಶ್ಮೀರದ ಶಾಲುಗಳಿಂದ ತೊಡಗಿ ಉಪ್ಪಿನಕಾಯಿಯ ವರೆಗೆ ಅಲ್ಲಿ ಇಲ್ಲದ ವಸ್ತುವಿಲ್ಲ. ಮೃತ್ಯುಕೂಪದ ಗೋಡೆಯ ಮೇಲೆ ಬಂಡಿ ಓಡಿಸುವವನನ್ನು ನೋಡಿ, ದೊಡ್ಡ ಚಕ್ರದಲ್ಲಿ ಎರಡೆರಡು ಸಲ ಕುಳಿತು, ಮರುದಿನ ಆಬಿಡ್ಸಿನ ಕಾಲುದಾರಿಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಆಪಟೆಯವರ ಸಂಸ್ಕೃತ ಕೋಶವನ್ನು ಹೆಕ್ಕಿಕೊಂಡು ಊರಿಗೆ ಮರಳಿದೆವು. ಹೊಸ ಹೆಂಡತಿಗೆ ಬಳೆ ತರುವದಾಗಿ ಮಾತು ಕೊಟ್ಟಿದ್ದೆವು. ಆಕೆ ಕೋಶವನ್ನು ಎರಡೂ ಕೈಗಳಿಂದ ಎತ್ತಿ ನೋಡಿ, “ಇದನ್ನು ಯಾವ ಕೈಗೆ ಏರಿಸಿಕೊಳ್ಳಲಿ?” ಎಂದಳು. ಹಣ ತೀರಿಹೋಯಿತೆಂದು ನಾವು ಉತ್ತರ ಹೇಳಿದೆವು. ಆ ಉತ್ತರದ ವಿಷಯವನ್ನು ಮುಂದೆ ಬರೆಯುವೆವು.

ನಿವೃತ್ತರಾದ ವರುಷವೇ, 2025ರ ಮಾರ್ಚಿ ತಿಂಗಳ ಕೊನೆಯ ವಾರದಲ್ಲಿ, ಮೂವರೂ ಪುನಃ ಹೊರಟೆವು. ರಮಜಾನಿನ ಕಡೆಯ ರಾತ್ರಿಗಳಲ್ಲಿ ಚಾರಮಿನಾರಿನ ಪೇಟೆಯನ್ನು ನೋಡದವನು ಹೈದರಾಬಾದನ್ನು ನೋಡಿಯೇ ಇಲ್ಲವೆಂದು ಮೌಲವಿ ಸಾಹೇಬರ ಹಟ. ನಸುಕಿನ ಬಸ್ಸಿನಲ್ಲಿ ಸುರಪುರವನ್ನು ಬಿಟ್ಟು, ಶಹಾಪುರದಲ್ಲಿ ಅವರನ್ನು ಹತ್ತಿಸಿಕೊಂಡು, ಭೀಮೆಯನ್ನು ದಾಟಿ ಯಾದಗಿರಿಗೆ ಬಂದು, ಅಲ್ಲಿಂದ ವರ್ತಕರೊಡನೆ ರೇಲ್ವೆಯಲ್ಲಿ ವಾಡಿಯನ್ನು ಸೇರಿ ಬಂಡಿ ಬದಲಿಸಿದೆವು. ವಾಡಿಯಿಂದ ಮುಂದಿನ ಹಳಿ 1874ರಲ್ಲಿ ನಿಜಾಮರ ರಾಜ್ಯಕ್ಕಾಗಿ ಹಾಕಿದ್ದು. ಮಳಖೇಡ ರೋಡ ಎಂಬ ಸಣ್ಣ ನಿಲ್ದಾಣ ಬಂದಾಗ ನಮಗೆ ಸುಮ್ಮನಿರಲಾಗಲಿಲ್ಲ. ರಾಷ್ಟ್ರಕೂಟರ ಮಾನ್ಯಖೇಟವು ಇದೇ. ಅಮೋಘವರ್ಷ ನೃಪತುಂಗನು ಇಲ್ಲಿಂದಲೇ ಆಳಿದನು. ಕವಿರಾಜಮಾರ್ಗವು ಹುಟ್ಟಿದ್ದು ಇವನ ಆಸ್ಥಾನದಲ್ಲಿ ಎಂದು ವಿವರಿಸತೊಡಗಿದೆವು. ವರ್ತಕರು ಕಣ್ಣು ತೆರೆದು, “ಚಹಾದವನು ಬಂದನೇ?” ಎಂದು ಕೇಳಿ ಮತ್ತೆ ಮುಚ್ಚಿಕೊಂಡರು. ಮೂವತ್ತೈದು ವರುಷ ತರಗತಿಯಲ್ಲಿ ನಿಂತವರಿಗೆ ಇದು ಹೊಸ ಅನುಭವವಲ್ಲ.

ಸಾಯಂಕಾಲ ಹುಸೇನ ಸಾಗರದ ದಂಡೆಯಲ್ಲಿ ಕುಳಿತೆವು. ನಾವು ಮೊದಲು ಬಂದಾಗ ಕೆರೆಯ ನಡುವೆ ಬುದ್ಧನಿರಲಿಲ್ಲ. 18 ಮೀಟರು ಎತ್ತರದ ಆ ಏಕಶಿಲಾ ಮೂರ್ತಿಯನ್ನು 1990ರಲ್ಲಿ ತೆಪ್ಪದ ಮೇಲೆ ಸಾಗಿಸುವಾಗ ತೆಪ್ಪವು ವಾಲಿ ಜನರೂ ಸತ್ತು, ಮೂರ್ತಿಯೂ ನೀರಿನ ಪಾಲಾಯಿತು. 1992ರಲ್ಲಿ ಮೇಲಕ್ಕೆತ್ತಿ ನಿಲ್ಲಿಸಿದರು. ಶಹಾಪುರದ ಬೆಟ್ಟವು ಮಲಗಿದ ಬುದ್ಧನ ಆಕಾರದಲ್ಲಿದೆಯೆಂಬದನ್ನು ವಾಚಕರು ಬಲ್ಲರು. “ನಮ್ಮವನು ಇನ್ನೂ ಎದ್ದಿಲ್ಲ, ಇವನು ಎರಡು ವರುಷ ಮಲಗಿ ಎದ್ದುಬಿಟ್ಟ” ಎಂದು ಮೌಲವಿ ಸಾಹೇಬರು ನಕ್ಕು, ಹೊತ್ತು ಮುಳುಗಿದೊಡನೆ ಖರ್ಜೂರದಿಂದ ಉಪವಾಸವನ್ನು ಮುರಿದರು. ನಮಗೂ ಒಂದೊಂದು ಕೊಟ್ಟರು.

ಮೂಸಿ ನದಿಯ ನಯಾಪುಲವನ್ನು ದಾಟಿ ಪತ್ಥರಗಟ್ಟಿಯ ಕಲ್ಲುಕಮಾನುಗಳ ಕೆಳಗೆ ಕಾಲಿಟ್ಟಾಗ ರಾತ್ರಿ ಒಂಬತ್ತು. ಊರಿನಲ್ಲಿ ನಾವು ದೀಪವಾರಿಸುವ ಹೊತ್ತು ಅದು. ಇಲ್ಲಿ ಆಗ ತಾನೇ ಬೆಳಗಾದಂತಿತ್ತು. 1591ರಲ್ಲಿ ಮಹಮ್ಮದ ಕುಲೀ ಕುತುಬಶಹನು ಕಟ್ಟಿಸಿದ ಚಾರಮಿನಾರವು ದೀಪಗಳ ನಡುವೆ ನಿಂತಿತ್ತು. ಅದರ ನಾಲ್ಕು ಮುಖಗಳ ಗಡಿಯಾರಗಳು 1889ರವು. ಮೌಲವಿ ಸಾಹೇಬರು ಮಕ್ಕಾ ಮಸೀದಿಯಲ್ಲಿ ರಾತ್ರಿಯ ನಮಾಜಿಗೆ ಹೋದರು. ನಾವಿಬ್ಬರು ಹೊರಗೆ ಕಾದೆವು. ಆ ಮಸೀದಿಯ ಕೆಲಸ ಕುತುಬಶಾಹಿಗಳ ಕಾಲದಲ್ಲಿ ಆರಂಭವಾಗಿ ಔರಂಗಜೇಬನ ಕಾಲದಲ್ಲಿ ಮುಗಿಯಿತು. ಅದೇ ಔರಂಗಜೇಬನು ತನ್ನ ಮುಪ್ಪಿನಲ್ಲಿ ತಾನೇ ನಿಂತು ಹಾಕಿದ ಕಡೆಯ ಮುತ್ತಿಗೆ 1705ರಲ್ಲಿ, ನಮ್ಮ ಸುರಪುರದ ಬಳಿಯ ವಾಗಿನಗೇರೆಗೆ. ಅಲ್ಲಿ ಅವನಿಗೆ ಎದುರಾದವರು ನಮ್ಮ ಬೇಡನಾಯಕರು.

ಬೀದಿಯ ಇಕ್ಕೆಲಗಳಲ್ಲಿಯೂ ಇಟ್ಟಿಗೆಯ ಒಲೆಗಳು. ಅವುಗಳ ಮೇಲಿನ ಹಂಡೆಗಳಲ್ಲಿ ಗೋದಿ, ಬೇಳೆ, ಮಾಂಸ, ತುಪ್ಪ ಹಗಲೆಲ್ಲ ಬೆಂದು, ಬಲವಾದ ಆಳುಗಳು ಮರದ ಕೊಡತಿಯಿಂದ ಅರೆದರೆ ‘ಹಲೀಮ’ ಸಿದ್ಧವಾಗುವದು. 2010ರಲ್ಲಿ ಅದಕ್ಕೆ ಭೌಗೋಲಿಕ ಸೂಚಕದ ಮಾನ್ಯತೆ ದೊರೆಯಿತು. ನಾವು ಶಾಕಾಹಾರಿಗಳಾದ ಕಾರಣ ಅದರ ರುಚಿಯನ್ನು ಬರೆಯಲಾರೆವು. ವರ್ತಕರು ಸಹ ಕಂಪಿನಿಂದಲೇ ತೃಪ್ತರಾದರು. ನಮ್ಮ ಪಾಲಿಗೆ ಬಂದದ್ದು ಇರಾನೀ ಚಹಾ. ಗೃಹಿಣಿಯರಿಗೆ ಉಪಯುಕ್ತವೆಂದು ಅದರ ಕ್ರಮವನ್ನು ಕೇಳಿ ತಿಳಿದೆವು: ಚಹದೆಲೆಯ ಕಷಾಯವನ್ನು ಬಾಯಿ ಬಿಗಿದ ಪಾತ್ರೆಯಲ್ಲಿ ಮಂದ ಉರಿಯ ಮೇಲೆ ಬಹಳ ಹೊತ್ತು ಇಡಬೇಕು, ಹಾಲನ್ನು ಬೇರೆಯಾಗಿ ಕಾಯಿಸಿ ಗಟ್ಟಿಮಾಡಬೇಕು, ಎರಡೂ ಕೂಡುವದು ಬಟ್ಟಲಿನಲ್ಲಿಯೇ. ಇದರ ಜೊತೆಗೆ, ಕಡೆಯ ನಿಜಾಮರ ಹೆಸರಿನ ಉಸ್ಮಾನಿಯಾ ಬಿಸ್ಕೀಟು ಎಂಬ ಉಪ್ಪುಸಿಹಿಯ ತಿನಿಸು. ಬದಿಯ ಮೇಜಿನವರು ಮಾತಾಡುತ್ತಿದ್ದ ದಖನಿಯು ಶಹಾಪುರದ ಸಂತೆಯಲ್ಲಿ ನಾವು ಬಾಲ್ಯದಿಂದ ಕೇಳಿದ ನುಡಿಯೇ. ನಿಘಂಟು ಬಗಲಿಗಿದ್ದ ದಿನಗಳಲ್ಲಿ ನಾವು ಅದನ್ನು ಭಾಷೆಯೆಂದೇ ಎಣಿಸಿರಲಿಲ್ಲ. ಆ ರಾತ್ರಿ ಅದು ತಂದೆಯವರ ಮಗ್ಗಿಯ ಹಾಗೆ ಕೇಳಿಸಿತು.

ಚಾರಮಿನಾರದಿಂದ ಪಡುವಣಕ್ಕೆ ಹೊರಟ ಬೀದಿಯೇ ಲಾಡಬಜಾರು. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಎಳೆದು, ಬಳೆಯಾಗಿ ಬಾಗಿಸಿ, ಬಿಸಿಯಿರುವಾಗಲೇ ಗಾಜಿನ ಹರಳುಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಸಾವಿರ ಹರಳುಗಳು ಸಾವಿರ ದೀಪಗಳನ್ನು ತಿರುಗಿ ಎಸೆಯುತ್ತಿದ್ದವು. ಇಲ್ಲಿಗೆ ಬಂದಾಗ ನಮ್ಮ ಕಾಲು ನಿಂತಿತು. 1986ರಲ್ಲಿಯೂ ಇಲ್ಲಿಯೇ ನಿಂತಿತ್ತು. ವಾಚಕರೇ, ಆಗ ಹಣ ತೀರಿರಲಿಲ್ಲ. ನಮ್ಮ ಅಜ್ಜಿಯು ಹೈದರಾಬಾದಿನ ಬಳೆಯನ್ನು ಜನ್ಮದಲ್ಲಿ ತೊಟ್ಟವಳಲ್ಲ. “ಅದು ನಮ್ಮ ಅರಸನನ್ನು ಹಿಡಿದುಕೊಟ್ಟ ಪೇಟೆ” ಎನ್ನುತ್ತಿದ್ದಳು. 1858ರ ಫೆಬ್ರುವರಿಯಲ್ಲಿ ಆಂಗ್ಲರ ಮೇಲೆ ಎದ್ದ ಸುರಪುರದ ರಾಜಾ ವೆಂಕಟಪ್ಪನಾಯಕನು ಸೋತು ಈ ನಗರಕ್ಕೆ ಆಶ್ರಯ ಕೋರಿ ಬಂದನು. ಪೇಟೆಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ದಿವಾನ ಸಾಲಾರಜಂಗರ ಕಡೆಗೆ ಒಯ್ದರು. ಅವರು ಆಂಗ್ಲ ರೆಸಿಡೆಂಟನಿಗೆ ಒಪ್ಪಿಸಿದರು. ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ ಟೇಲರನು ಸೆರೆಮನೆಯಲ್ಲಿ ಕಂಡಾಗ ಅವನು ಟೇಲರನನ್ನು “ಅಪ್ಪಾ” ಎಂದೇ ಕರೆದನು. ಮರಣದಂಡನೆಯನ್ನು ಇಳಿಸಿ ಸೆರೆವಾಸಕ್ಕೆ ಒಯ್ಯುವಾಗ, ಅದೇ ವರುಷ, ದಾರಿಯಲ್ಲಿಯೇ ಗುಂಡು ತಗಲಿ ಸತ್ತನು. ಆ ತರುಣನು ಅಂದಿನ ನಮಗಿಂತ ಬಹಳ ಹಿರಿಯನಲ್ಲ. ಆದದರಿಂದಲೇ ಅಂದು ಅಂಗಡಿಯ ಮೆಟ್ಟಲಿನಿಂದ ತಿರುಗಿ, ಆ ಹಣದಿಂದ ಕೋಶವನ್ನು ಕೊಂಡೆವು. ಈ ಸಂಗತಿಯನ್ನು ಮನೆಯಲ್ಲಿ ಹೇಳಲು ನಾಚಿಕೆಯಾಗಿತ್ತು. ಮೂವತ್ತೊಂಬತ್ತು ವರುಷ ಹಾಗೆಯೇ ಕಳೆಯಿತು.

ಮೌಲವಿ ಸಾಹೇಬರಿಗೆ ಎಲ್ಲವನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರೇ, ಒಪ್ಪಿಸಿದ್ದು ದರಬಾರು. ಈ ಬಳೆಗಾರನ ಮುತ್ತಜ್ಜ ಅಂದೂ ಕೆಂಡವನ್ನೇ ಊದುತ್ತಿದ್ದಿರಬೇಕು” ಎಂದರು. ನಮ್ಮ ಅಜ್ಜಿ ಇದಕ್ಕೆ ಒಪ್ಪುತ್ತಿದ್ದಳೆಂದು ನಾವು ಹೇಳಲಾರೆವು. ಆದರೂ ಒಳಗೆ ಹೋದೆವು.

ಅಂಗಡಿಯವನು ಹಸುರು ಹರಳಿನ ಜೋಡಿಯನ್ನು ತೆಗೆದು, “ಅಳತೆ?” ಎಂದನು. ಎರಡು-ನಾಲ್ಕೋ, ಎರಡು-ಆರೋ, ಎರಡು-ಎಂಟೋ! ಪಾಣಿನಿಯ ಸೂತ್ರಗಳನ್ನು ನಿದ್ದೆಯಲ್ಲಿಯೂ ಹೇಳಬಲ್ಲ ನಮಗೆ ಇದು ತಿಳಿದಿರಲಿಲ್ಲ. ವರ್ತಕರು ತಮ್ಮ ಫೋನನ್ನು ನಮ್ಮ ಕೈಗೆ ತುರುಕಿದರು. ಹೊತ್ತು ಒಂದು ದಾಟಿತ್ತು. ಅತ್ತಲಿಂದ, “ಏನಾಯಿತು? ಯಾರಿಗೆ ಏನಾಯಿತು?” ಎಂಬ ಗಾಬರಿಯ ದನಿ.

“ಯಾರಿಗೂ ಏನೂ ಆಗಿಲ್ಲ. ನಿನ್ನ ಬಳೆಯ ಅಳತೆ ಎಷ್ಟು?”

ಬಹಳ ಹೊತ್ತು ಉತ್ತರ ಬರಲಿಲ್ಲ. ಬೀದಿಯ ಗದ್ದಲ ಮಾತ್ರ ಕೇಳುತ್ತಿತ್ತು. ಆಮೇಲೆ, “ಆಗ ಎರಡು-ನಾಲ್ಕಿತ್ತು, ಈಗ ಎರಡು-ಆರು ತನ್ನಿ” ಎಂದಳು.