ಪಸೇಯಿಕ್ ನದಿಯಂಚಿನ ಡಾಕ್ಟರು

ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅಮೆರಿಕದ ಹೆಸರಾಂತ ಕವಿ. ಆದರೆ ನಲವತ್ತು ವರ್ಷ ಅವರ ಮನೆಯ ಒಲೆ ಉರಿದದ್ದು ಡಾಕ್ಟರಿಕೆಯಿಂದ. ನ್ಯೂಜೆರ್ಸಿಯ ಪಸೇಯಿಕ್ ನದಿಯಂಚಿನಲ್ಲಿ ರದರ್‌ಫರ್ಡ್ ಎಂಬ ಊರಿದೆ. 1883ರ ಸೆಪ್ಟೆಂಬರ್ 17ರಂದು ಅವರು ಹುಟ್ಟಿದ್ದು ಅಲ್ಲಿ, ಬಾಳಿದ್ದು ಅಲ್ಲಿ, 1963ರ ಮಾರ್ಚ್ 4ರಂದು ಕಣ್ಣು ಮುಚ್ಚಿದ್ದೂ ಅಲ್ಲೇ.

ತಂದೆ ಇಂಗ್ಲೆಂಡಿನಲ್ಲಿ ಹುಟ್ಟಿದವರು, ತಾಯಿ ಪೋರ್ಟೊರಿಕೊದವರು. ವಿಲಿಯಮ್ಸ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ವೈದ್ಯ ಪದವಿ ಪಡೆದು, ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ದುಡಿದು, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಕ್ಕಳ ಕಾಯಿಲೆಗಳ ಬಗ್ಗೆ ಹೆಚ್ಚಿನ ಓದು ಮುಗಿಸಿದರು. ಮಹಾನಗರದಲ್ಲಿ ನೆಲೆಯೂರುವ ದಾರಿ ಬಿಟ್ಟು 1910ರಲ್ಲಿ ಹುಟ್ಟೂರಿನಲ್ಲೇ ವೃತ್ತಿ ಆರಂಭಿಸಿದರು. 1912ರಲ್ಲಿ ಫ್ಲಾರೆನ್ಸ್ ಹರ್ಮನ್ ಅವರನ್ನು ಮದುವೆಯಾದರು. ರಿಡ್ಜ್ ರಸ್ತೆಯ ಒಂಬತ್ತನೇ ನಂಬರಿನ ಮನೆಯೇ ಸಂಸಾರಕ್ಕೂ ರೋಗಿಗಳಿಗೂ ತಾಣವಾಯಿತು. ವಿಲಿಯಂ ಎರಿಕ್ ಮತ್ತು ಪಾಲ್ ಎಂಬ ಇಬ್ಬರು ಗಂಡುಮಕ್ಕಳು ಬೆಳೆದದ್ದು ಅಲ್ಲಿಯೇ.

ನದಿಯಂಚಿನ ಊರುಗಳು ಆಗ ಕಾರ್ಖಾನೆಗಳಿಂದ ತುಂಬಿದ್ದವು. ಇಟಲಿ, ಪೋಲೆಂಡ್‌ಗಳಿಂದ ವಲಸೆ ಬಂದ ಕೂಲಿಕಾರರ ಮನೆಗಳಿಗೆ ವಿಲಿಯಮ್ಸ್ ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದರು. ಹೆರಿಗೆಗಳು ಹೆಚ್ಚಾಗಿ ಮನೆಯಲ್ಲೇ ಆಗುತ್ತಿದ್ದ ಕಾಲವದು. ನಡುರಾತ್ರಿ ಫೋನ್ ಬಂದರೆ ಚೀಲ ಎತ್ತಿಕೊಂಡು ಹೊರಡಲೇಬೇಕು. ಜೀವಮಾನದಲ್ಲಿ ಅವರು ಮಾಡಿಸಿದ ಹೆರಿಗೆಗಳು 2,000ಕ್ಕೂ ಹೆಚ್ಚು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಮನೆಮನೆ ಸುತ್ತಿದ ಅವರು ಎಳೆಯ ಪ್ರಾಯದವರು ನೋಡುನೋಡುತ್ತಲೇ ಸಾಯುವುದನ್ನು ಕಂಡರು. ಶಾಲೆಗಳ ವೈದ್ಯರಾಗಿಯೂ ಪಸೇಯಿಕ್ ಜನರಲ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿಯೂ ದುಡಿದರು.

ಅವರ 'ದಿ ಯೂಸ್ ಆಫ್ ಫೋರ್ಸ್' ಎಂಬ ಸಣ್ಣಕತೆ ಡಾಕ್ಟರಿಕೆಯ ಒಳಮನೆಯನ್ನೇ ತೆರೆದು ತೋರಿಸುತ್ತದೆ. ಜ್ವರದಿಂದ ಸುಡುತ್ತಿರುವ ಹುಡುಗಿಯೊಬ್ಬಳು ಬಾಯಿ ತೆರೆಯುವುದಿಲ್ಲ. ಸುತ್ತಮುತ್ತ ಗಂಟಲಮಾರಿ ಹರಡಿದೆ. ಗಂಟಲು ನೋಡದೆ ಹಿಂದಿರುಗುವಂತಿಲ್ಲ. ಅವಳು ಕೈ ಬೀಸಿ ಡಾಕ್ಟರ ಕನ್ನಡಕ ಹಾರಿಸುತ್ತಾಳೆ, ನಾಲಿಗೆ ಒತ್ತುವ ಮರದ ಪಟ್ಟಿಯನ್ನು ಕಡಿದು ಚೂರು ಮಾಡುತ್ತಾಳೆ. ಕೊನೆಗೆ ಚಮಚವೊಂದನ್ನು ತರಿಸಿ ಬಲವಂತವಾಗಿ ಬಾಯಿ ತೆರೆಸಿದಾಗ ಗಂಟಲಲ್ಲಿ ಕಾಯಿಲೆಯ ಪೊರೆ ಕಾಣುತ್ತದೆ. ಮಗುವಿನ ಜೀವ ಉಳಿಸಲು ಹೊರಟ ಕತೆಯ ಡಾಕ್ಟರು, ನಡುವೆ ತನಗೆ ನೆತ್ತಿಗೇರಿದ ಸಿಟ್ಟನ್ನೂ ಗೆಲ್ಲಲೇಬೇಕೆಂಬ ಹಟವನ್ನೂ ಮುಚ್ಚಿಡುವುದಿಲ್ಲ. ಈ ಪ್ರಾಮಾಣಿಕತೆಯೇ ವಿಲಿಯಮ್ಸ್ ಅವರ ದೊಡ್ಡತನ.

ಬರವಣಿಗೆ ನಡೆಯುತ್ತಿದ್ದದ್ದು ಒಬ್ಬ ರೋಗಿ ಹೋಗಿ ಮತ್ತೊಬ್ಬರು ಬರುವ ನಡುವಿನ ನಿಮಿಷಗಳಲ್ಲಿ. ಎಷ್ಟೋ ಸಾಲುಗಳು ಮೊದಲು ಔಷಧಿ ಚೀಟಿಯ ಮೇಲೆ ಮೂಡಿದವು. ಕನ್ನಡದಲ್ಲಿ ಬೆಂಗಳೂರಿನ ಡಾ. ಎಂ. ಶಿವರಾಂ, ಅಂದರೆ 'ರಾಶಿ', ರೋಗಿಗಳನ್ನು ನೋಡಿಕೊಳ್ಳುತ್ತಲೇ 1942ರಲ್ಲಿ 'ಕೊರವಂಜಿ' ಪತ್ರಿಕೆ ಆರಂಭಿಸಿದ್ದು ಇಂಥದ್ದೇ ದುಡಿಮೆ. ವಿಲಿಯಮ್ಸ್ ಅವರಿಗೆ ವೈದ್ಯವೃತ್ತಿ ಸಾಹಿತ್ಯಕ್ಕೆ ಅಡ್ಡಿಯಾಗಲಿಲ್ಲ, ಜನರ ಮಾತನ್ನೂ ಬದುಕನ್ನೂ ಕೈಗಿತ್ತಿತು. ರೋಗಿಗಳ ಮನೆಗೆ ಕಾಲಿಡದಿದ್ದರೆ ಅವರ ಕತೆಗಳು ಹುಟ್ಟುತ್ತಲೇ ಇರಲಿಲ್ಲ.

ಇಷ್ಟೆಲ್ಲದರ ಭಾರ ಬಿದ್ದದ್ದು ಫ್ಲಾರೆನ್ಸ್ ಅವರ ಮೇಲೆ. ಮನೆಯಲ್ಲೇ ದವಾಖಾನೆ ಇದ್ದರೆ ಊಟಕ್ಕೂ ನಿದ್ದೆಗೂ ಹೊತ್ತೆಂಬುದಿಲ್ಲ. ಗಂಡನಾಗಿ ವಿಲಿಯಮ್ಸ್ ನಿಷ್ಕಳಂಕರೂ ಆಗಿರಲಿಲ್ಲ. ಬೇರೆ ಹೆಂಗಸರ ಸಂಬಂಧಗಳು ಸಂಸಾರವನ್ನು ನೋಯಿಸಿದ್ದವು. ಅದನ್ನು ಬಿಟ್ಟು ಅವರ ಬದುಕನ್ನು ನೆನೆದರೆ ನೆನಪು ಅರ್ಧವಾಗುತ್ತದೆ.

1948ರಲ್ಲಿ ಹೃದಯಾಘಾತ, 1951ರಲ್ಲಿ ಪಾರ್ಶ್ವವಾಯು. ವೃತ್ತಿಯನ್ನು ವೈದ್ಯನಾಗಿದ್ದ ಹಿರಿಯ ಮಗನಿಗೆ ಒಪ್ಪಿಸಿದರು. ಮರುವರ್ಷದ ಇನ್ನೊಂದು ಹೊಡೆತದ ಬಳಿಕ ಮಾತು ತೊದಲಿತು, ಓದುವುದು ಕಷ್ಟವಾಯಿತು, ಮನಸ್ಸೂ ಕುಗ್ಗಿ ಆಸ್ಪತ್ರೆ ಸೇರಬೇಕಾಯಿತು. ಆರೈಕೆ ಮಾಡಿದವರು ಫ್ಲಾರೆನ್ಸ್. ಗಟ್ಟಿಯಾಗಿ ಓದಿ ಹೇಳುತ್ತಿದ್ದವರೂ ಅವರೇ. ಸ್ವಾಧೀನ ತಪ್ಪದ ಒಂದೇ ಕೈಯಲ್ಲಿ ಟೈಪ್ ಮಾಡುತ್ತ ವಿಲಿಯಮ್ಸ್ ಮತ್ತೆ ಬರೆದರು. 1955ರ 'ಜರ್ನಿ ಟು ಲವ್' ಸಂಕಲನದಲ್ಲಿ ಹೆಂಡತಿಯನ್ನು ಉದ್ದೇಶಿಸಿದ ದೀರ್ಘ ಕವನವಿದೆ. ತಪ್ಪೊಪ್ಪಿಗೆ, ಕ್ಷಮೆಯ ಬೇಡಿಕೆ, ದಾಂಪತ್ಯದ ಪ್ರೀತಿ ಮೂರೂ ಅದರಲ್ಲಿ ಹೆಣೆದುಕೊಂಡಿವೆ. ತೀರಿಕೊಂಡ ಎರಡು ತಿಂಗಳಿಗೆ, 1963ರ ಮೇ ತಿಂಗಳಲ್ಲಿ, ಕೊನೆಯ ಸಂಕಲನಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ರಿಡ್ಜ್ ರಸ್ತೆಯ ಮನೆಯಲ್ಲಿ ಮಗ ವಿಲಿಯಂ ಎರಿಕ್ ಮಕ್ಕಳ ಚಿಕಿತ್ಸೆ ಮುಂದುವರಿಸಿದರು.